ಸೈಕಲ್ ಹಬ್ ಬೇರಿಂಗ್

ಸೈಕಲ್ ಹಬ್ ಬೇರಿಂಗ್ ಎಂಬುದು ಸೈಕಲ್ಲಿನ ಚಕ್ರದ ಕೇಂದ್ರಭಾಗವಾದ ಹಬ್‌ನ ಒಳಗೆ, ಸ್ಥಿರವಾಗಿ ನಿಲ್ಲುವ ಅಚ್ಚು ಹಾಗೂ ತಿರುಗುವ ಚಕ್ರ ಇವೆರಡರ ನಡುವೆ ಅಳವಡಿಸಲಾಗುವ ಉರುಳು ಬೇರಿಂಗ್. ಸವಾರನ ಮತ್ತು ಸೈಕಲ್ಲಿನ ಭಾರವನ್ನು ಹೊತ್ತುಕೊಂಡೇ ಚಕ್ರವು ಸರಾಗವಾಗಿ ತಿರುಗುವಂತೆ ಮಾಡುವುದು ಇದರ ಕೆಲಸ. ಪ್ರತಿ ಹಬ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದರಂತೆ ಕನಿಷ್ಠ ಎರಡು ಬೇರಿಂಗ್‌ಗಳಿರುತ್ತವೆ. ರಚನೆಯ ದೃಷ್ಟಿಯಿಂದ ಇವುಗಳಲ್ಲಿ ಎರಡು ಮುಖ್ಯ ವಿಧಗಳಿವೆ: ಬಿಡಿ ಗುಂಡುಗಳನ್ನು ಹೊಂದಿದ್ದು ಕೈಯಿಂದ ಹೊಂದಿಸಬಹುದಾದ ಕಪ್ ಮತ್ತು ಕೋನ್ ಬೇರಿಂಗ್, ಹಾಗೂ ಕಾರ್ಖಾನೆಯಲ್ಲೇ ಜೋಡಿಸಿ ಮುಚ್ಚಲಾದ ಕಾರ್ಟ್ರಿಜ್ ಬೇರಿಂಗ್. ಬೇರಿಂಗ್‌ನ ಆಯುಷ್ಯವು ಅದರ ಬೆಲೆಗಿಂತಲೂ ಹೆಚ್ಚಾಗಿ ಸರಿಯಾದ ಅಳತೆ, ಸರಿಯಾದ ಹೊಂದಾಣಿಕೆ ಮತ್ತು ನೀರು, ಧೂಳುಗಳಿಂದ ದೊರೆಯುವ ರಕ್ಷಣೆಯನ್ನು ಅವಲಂಬಿಸಿದೆ.

ಕಾರ್ಯತತ್ತ್ವ

ಒಂದು ಮೇಲ್ಮೈ ಮತ್ತೊಂದರ ಮೇಲೆ ಜಾರುವಾಗ ಉಂಟಾಗುವ ಘರ್ಷಣೆಗಿಂತ ಉರುಳುವಾಗ ಉಂಟಾಗುವ ಘರ್ಷಣೆ ಬಹಳ ಕಡಿಮೆ. ಎತ್ತಿನ ಗಾಡಿಯ ಗಾಲಿಯಲ್ಲಿ ಕೀಲೆಣ್ಣೆಯ ತೆಳುಪದರದ ಮೇಲೆ ಗಾಲಿಯ ಒಳಮೈ ಅಚ್ಚಿನ ಮೇಲೆ ಜಾರುತ್ತದೆ. ಸೈಕಲ್ಲಿನ ಹಬ್‌ನಲ್ಲಿ ಆ ಸ್ಥಾನದಲ್ಲಿ ಗಟ್ಟಿ ಉಕ್ಕಿನ ಗುಂಡುಗಳ ಸಾಲೊಂದು ಎರಡು ಉಂಗುರಾಕಾರದ ಹಾದಿಗಳ ನಡುವೆ ಉರುಳುತ್ತದೆ. ಈ ಹಾದಿಗಳನ್ನು ರೇಸ್ ಎಂದು ಕರೆಯುತ್ತಾರೆ.

ಭಾರವು ಚೌಕಟ್ಟಿನಿಂದ ಅಚ್ಚಿಗೆ, ಅಚ್ಚಿನಿಂದ ಒಳ ರೇಸಿಗೆ, ಅಲ್ಲಿಂದ ಗುಂಡುಗಳ ಮೂಲಕ ಹೊರ ರೇಸಿಗೆ ಮತ್ತು ಹಬ್‌ಗೆ ಸಾಗುತ್ತದೆ. ಎಲ್ಲ ಗುಂಡುಗಳೂ ಈ ಭಾರವನ್ನು ಸಮನಾಗಿ ಹೊರುವುದಿಲ್ಲ. ಆಯಾ ಕ್ಷಣದಲ್ಲಿ ಅಚ್ಚಿನ ಕೆಳಗಿರುವ ಗುಂಡುಗಳು ಮಾತ್ರ ಹೊರುತ್ತವೆ. ಮೇಲಿನವು ಬಹುಮಟ್ಟಿಗೆ ಭಾರವಿಲ್ಲದೆ ಉರುಳುತ್ತವೆ. ಜರ್ಮನಿಯ ಎಂಜಿನಿಯರ್ ರಿಚರ್ಡ್ ಸ್ಟ್ರಿಬೆಕ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ನೀಡಿದ ಸರಳ ಸೂತ್ರದ ಪ್ರಕಾರ, ತೀರ ಕೆಳಗಿನ ಗುಂಡಿನ ಮೇಲೆ ಬೀಳುವ ಭಾರವು ಒಟ್ಟು ಭಾರವನ್ನು ಗುಂಡುಗಳ ಸಂಖ್ಯೆಯಿಂದ ಭಾಗಿಸಿ 5ರಿಂದ ಗುಣಿಸಿದಷ್ಟಿರುತ್ತದೆ. ಮುಂದಿನ ಚಕ್ರದ ಒಂದು ಬದಿಯ ಬೇರಿಂಗ್ 18 ಕಿ.ಗ್ರಾಂ ಭಾರ ಹೊತ್ತಿದ್ದು, ಅದರಲ್ಲಿ 10 ಗುಂಡುಗಳಿದ್ದರೆ, ಕೆಳಗಿನ ಒಂದೇ ಗುಂಡಿನ ಮೇಲೆ ಸುಮಾರು 9 ಕಿ.ಗ್ರಾಂ ಭಾರ ಬೀಳುತ್ತದೆ. ಗುಂಡು ಮತ್ತು ರೇಸ್ ಪರಸ್ಪರ ತಾಗುವ ಜಾಗ ಅತ್ಯಂತ ಕಿರಿದಾಗಿರುವುದರಿಂದ ಅಲ್ಲಿನ ಒತ್ತಡ ಬಹಳ ಹೆಚ್ಚು. ಗುಂಡು ಮತ್ತು ರೇಸ್‌ಗಳನ್ನು ಅತಿ ಗಡಸು ಉಕ್ಕಿನಿಂದ ತಯಾರಿಸಲು ಇದೇ ಕಾರಣ.

ಸೈಕಲ್ಲಿನಲ್ಲಿ ಒಳ ರೇಸ್ ತಿರುಗುವುದಿಲ್ಲ, ಹೊರ ರೇಸ್ ತಿರುಗುತ್ತದೆ. ಆದ್ದರಿಂದ ಒಳ ರೇಸಿನ ಕೆಳಭಾಗದ ಒಂದೇ ಜಾಗ ಸದಾ ಭಾರ ಹೊರುತ್ತದೆ. ಹೊರ ರೇಸಿನಲ್ಲಿ ಭಾರವು ಸುತ್ತಲೂ ಹಂಚಿಕೆಯಾಗುತ್ತದೆ. ಕಪ್‌ಗಳು ಬಹುಕಾಲ ಬಾಳಿದರೂ ಕೋನ್‌ಗಳು ಮೊದಲು ಸವೆಯುವುದಕ್ಕೆ, ಮತ್ತು ಆ ಸವೆತ ಕೋನ್‌ನ ಒಂದು ಬದಿಯಲ್ಲೇ ಕಾಣಿಸಿಕೊಳ್ಳುವುದಕ್ಕೆ ಇದೇ ವಿವರಣೆ.

ಇತಿಹಾಸ

ವೇಲ್ಸ್‌ನ ಕಾರ್ಮಾರ್ಥೆನ್ ಪಟ್ಟಣದ ಫಿಲಿಪ್ ವಾನ್ 1794ರಲ್ಲಿ ಗಾಡಿಯ ಅಚ್ಚಿಗೆ ಗುಂಡುಗಳ ಬೇರಿಂಗ್ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಸೈಕಲ್ಲಿಗೆ ಇದನ್ನು ಅಳವಡಿಸಿದ ಕೀರ್ತಿ ಪ್ಯಾರಿಸಿನ ಸೈಕಲ್ ಕುಶಲಕರ್ಮಿ ಜೂಲ್ ಸುರಿರೇ ಅವನಿಗೆ ಸಲ್ಲುತ್ತದೆ. ಅವನು 1869ರಲ್ಲಿ ಪೇಟೆಂಟ್ ಪಡೆದನು. ಅದೇ ವರ್ಷದ ನವೆಂಬರ್ 7ರಂದು ನಡೆದ ಪ್ಯಾರಿಸ್–ರೂವಾಂ ಸ್ಪರ್ಧೆಯಲ್ಲಿ ಜೇಮ್ಸ್ ಮೂರ್ ಗುಂಡು ಬೇರಿಂಗ್‌ಗಳಿದ್ದ ಸೈಕಲ್ ಏರಿ ಸುಮಾರು 123 ಕಿ.ಮೀ. ಕ್ರಮಿಸಿ ಗೆದ್ದನು.

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಡೇನಿಯಲ್ ರಜ್ 1878ರಲ್ಲಿ ಹೊಂದಿಸಬಹುದಾದ ಗುಂಡು ಬೇರಿಂಗನ್ನು ಬಳಕೆಗೆ ತಂದನು. ಆದರೆ ಗುಂಡುಗಳನ್ನು ಒಂದೇ ಗಾತ್ರದಲ್ಲಿ, ನಿಖರ ಗೋಲಾಕಾರದಲ್ಲಿ, ಅಧಿಕ ಸಂಖ್ಯೆಯಲ್ಲಿ ತಯಾರಿಸುವುದು ಕಷ್ಟವಾಗಿತ್ತು. ಜರ್ಮನಿಯ ಶ್ವೈನ್‌ಫುರ್ಟ್‌ನ ಫ್ರೀಡ್ರಿಶ್ ಫಿಷರ್ 1883ರಲ್ಲಿ ರೂಪಿಸಿದ ಗುಂಡು ಅರೆಯುವ ಯಂತ್ರವು ಈ ತೊಡಕನ್ನು ನಿವಾರಿಸಿತು. ಗುಂಡುಗಳು ಅಗ್ಗವಾದಂತೆ ಸೈಕಲ್ಲು ಸಾಮಾನ್ಯರ ವಾಹನವಾಗಲು ದಾರಿ ಸುಗಮವಾಯಿತು. ಅದೇ ಊರಿನಲ್ಲಿ ಎರ್ನ್ಸ್ಟ್ ಸಾಕ್ಸ್ ಮತ್ತು ಕಾರ್ಲ್ ಫಿಖ್ಟೆಲ್ 1895ರಲ್ಲಿ ಫಿಖ್ಟೆಲ್ ಅಂಡ್ ಸಾಕ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಟಾರ್ಪಿಡೊ ಹಬ್ 1903ರಲ್ಲಿ ಮಾರುಕಟ್ಟೆಗೆ ಬಂದಿತು. ಜಪಾನಿನ ಶಿಮಾನೊ ಸಂಸ್ಥೆ 1978ರಲ್ಲಿ ಪರಿಚಯಿಸಿದ ಫ್ರೀಹಬ್ ರಚನೆಯಲ್ಲಿ ಹಿಂಚಕ್ರದ ಬಲ ಬೇರಿಂಗನ್ನು ಅಚ್ಚಿನ ಹೊರತುದಿಯ ಹತ್ತಿರಕ್ಕೆ ಸರಿಸಲಾಯಿತು. ಇದರಿಂದ ಹೆಚ್ಚು ಹಲ್ಲುಚಕ್ರಗಳಿರುವ ಸೈಕಲ್ಲುಗಳಲ್ಲಿ ಹಿಂದಿನ ಅಚ್ಚು ಬಾಗುವ ಮತ್ತು ಮುರಿಯುವ ದೋಷ ಬಹಳ ಕಡಿಮೆಯಾಯಿತು.

ವಿಧಗಳು

ಕಪ್ ಮತ್ತು ಕೋನ್ ಬೇರಿಂಗ್

ಇದರಲ್ಲಿ ಬಟ್ಟಲಿನಾಕಾರದ ಕಪ್ ಹಬ್‌ನೊಳಗೆ ಒತ್ತಿ ಕೂರಿಸಲ್ಪಟ್ಟಿರುತ್ತದೆ. ಮರೆ ಕೊರೆದ ಅಚ್ಚಿನ ಮೇಲೆ ಕೋನ್ ಎಂಬ ಶಂಕುವಿನಾಕಾರದ ಬಿಲ್ಲೆ ತಿರುಗಿ ಕೂರುತ್ತದೆ. ಇವೆರಡರ ನಡುವೆ ಬಿಡಿ ಗುಂಡುಗಳಿರುತ್ತವೆ. ಕೋನ್ ಅನ್ನು ಒಳಕ್ಕೆ ತಿರುಗಿಸಿದರೆ ಬೇರಿಂಗ್ ಬಿಗಿಯಾಗುತ್ತದೆ, ಹೊರಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಹೊಂದಿಸಿದ ಸ್ಥಾನದಲ್ಲಿ ಅದನ್ನು ಹಿಡಿದಿಡಲು ಲಾಕ್‌ನಟ್ ಇರುತ್ತದೆ.

ಗುಂಡುಗಳು ಕಪ್ ಮತ್ತು ಕೋನ್‌ಗಳನ್ನು ಓರೆಯಾಗಿ ತಾಗುವುದರಿಂದ ಈ ಬೇರಿಂಗ್ ಮೇಲಿನಿಂದ ಬರುವ ಭಾರವನ್ನಲ್ಲದೆ ಪಕ್ಕದಿಂದ ಬರುವ ಒತ್ತಡವನ್ನೂ ತಾಳಿಕೊಳ್ಳುತ್ತದೆ. ಗುಂಡು ಮತ್ತು ಕೋನ್‌ಗಳನ್ನು ಸಾಮಾನ್ಯ ಉಪಕರಣಗಳಿಂದಲೇ ಬದಲಾಯಿಸಬಹುದು. ಕಪ್ ಸವೆದರೆ ಮಾತ್ರ ಅನೇಕ ಹಬ್‌ಗಳಲ್ಲಿ ಹಬ್ಬನ್ನೇ ಬದಲಾಯಿಸಬೇಕಾಗುತ್ತದೆ.

ಕೆಲವು ಹಬ್‌ಗಳಲ್ಲಿ ಗುಂಡುಗಳನ್ನು ತಗಡಿನ ಪಂಜರದಲ್ಲಿ ಸಿಕ್ಕಿಸಲಾಗಿರುತ್ತದೆ. ಇದರಿಂದ ಜೋಡಣೆ ಸುಲಭವಾದರೂ ಪಂಜರವು ಜಾಗ ಹಿಡಿಯುವುದರಿಂದ ಗುಂಡುಗಳ ಸಂಖ್ಯೆ ಕಡಿಮೆಯಾಗುತ್ತದೆ. ಉಳಿದ ಪ್ರತಿ ಗುಂಡಿನ ಮೇಲೆ ಭಾರ ಹೆಚ್ಚುತ್ತದೆ. ಪಂಜರವನ್ನು ತೆಗೆದು ಅದೇ ಅಳತೆಯ ಬಿಡಿ ಗುಂಡುಗಳನ್ನು ಪೂರ್ಣ ಸಂಖ್ಯೆಯಲ್ಲಿ ತುಂಬುವುದು ಸಾಮಾನ್ಯವಾಗಿ ಸಾಧ್ಯ ಮತ್ತು ಉಪಯುಕ್ತ.

ಕಾರ್ಟ್ರಿಜ್ ಬೇರಿಂಗ್

ಇದು ಒಳ ಉಂಗುರ, ಹೊರ ಉಂಗುರ, ಗುಂಡುಗಳು, ಪಂಜರ, ಗ್ರೀಸ್ ಮತ್ತು ಸೀಲ್‌ಗಳು ಒಂದಾಗಿರುವ ಪೂರ್ಣ ಘಟಕ. ಹಬ್‌ನ ಎರಡು ಬದಿಗಳಲ್ಲಿ ಇದನ್ನು ಒತ್ತಿ ಕೂರಿಸಲಾಗುತ್ತದೆ. ದಿನನಿತ್ಯದ ಹೊಂದಾಣಿಕೆಯ ಅಗತ್ಯವಿಲ್ಲ. ಸವೆದಾಗ ಇಡೀ ಘಟಕವನ್ನು ಹೊರತೆಗೆದು ಹೊಸದನ್ನು ಕೂರಿಸಬೇಕು. ಆಗ ರೇಸ್‌ಗಳೂ ಹೊಸದಾಗುವುದರಿಂದ ಹಬ್‌ನ ಕವಚ ಬಹುಕಾಲ ಉಳಿಯುತ್ತದೆ. ಈ ಬೇರಿಂಗ್‌ಗಳು ಸೈಕಲ್ಲಿಗಾಗಿಯೇ ತಯಾರಾದವುಗಳಲ್ಲ. ವಿದ್ಯುತ್ ಮೋಟಾರು, ಪಂಪು ಮೊದಲಾದವುಗಳಲ್ಲಿ ಬಳಸುವ ಅಂತರರಾಷ್ಟ್ರೀಯ ಅಳತೆಯ ಬೇರಿಂಗ್‌ಗಳೇ ಇಲ್ಲಿಯೂ ಬಳಕೆಯಲ್ಲಿವೆ. ಆದ್ದರಿಂದ ಸೈಕಲ್ ಅಂಗಡಿಯಲ್ಲಿ ದೊರೆಯದ ಬೇರಿಂಗ್ ಸಾಮಾನ್ಯ ಬೇರಿಂಗ್ ಮಾರಾಟಗಾರರಲ್ಲಿ ದೊರೆಯಬಹುದು.

ಅಳತೆಗಳು ಮತ್ತು ಗುರುತುಗಳು

ಕಪ್ ಮತ್ತು ಕೋನ್ ಹಬ್‌ಗಳಲ್ಲಿ ಗುಂಡಿನ ಅಳತೆಯನ್ನು ಇಂದಿಗೂ ಅಂಗುಲದಲ್ಲಿ ಹೇಳುವುದು ರೂಢಿ. ಸಾಮಾನ್ಯವಾಗಿ ಕಂಡುಬರುವ ಅಳತೆಗಳು ಹೀಗಿವೆ:

• ಮುಂಚಕ್ರ: 3/16 ಅಂಗುಲ, ಅಂದರೆ 4.76 ಮಿ.ಮೀ.; ಪ್ರತಿ ಬದಿಗೆ 10 ಗುಂಡುಗಳು.
• ಹಿಂಚಕ್ರ: 1/4 ಅಂಗುಲ, ಅಂದರೆ 6.35 ಮಿ.ಮೀ.; ಪ್ರತಿ ಬದಿಗೆ 9 ಗುಂಡುಗಳು.
• ಕೆಲವು ಇಟಾಲಿಯನ್ ಮುಂಚಕ್ರಗಳು: 7/32 ಅಂಗುಲ, ಅಂದರೆ 5.56 ಮಿ.ಮೀ.

3/16 ಮತ್ತು 7/32 ಅಂಗುಲದ ಗುಂಡುಗಳ ನಡುವಿನ ವ್ಯತ್ಯಾಸ ಒಂದು ಮಿ.ಮೀ.ಗಿಂತ ಕಡಿಮೆಯಿರುವುದರಿಂದ ಬರಿಗಣ್ಣಿನಿಂದ ಅಳೆಯುವುದು ಸರಿಯಲ್ಲ, ಕ್ಯಾಲಿಪರ್ ಬಳಸಬೇಕು. ಗುಂಡಿನ ಗುಣಮಟ್ಟವನ್ನು ಗ್ರೇಡ್ ಸಂಖ್ಯೆ ಸೂಚಿಸುತ್ತದೆ. ಗ್ರೇಡ್ 25 ಎಂದರೆ ಗುಂಡಿನ ಗೋಲಾಕಾರದಲ್ಲಿನ ದೋಷವು ಒಂದು ಅಂಗುಲದ ಹತ್ತು ಲಕ್ಷ ಭಾಗಗಳಲ್ಲಿ 25 ಭಾಗಗಳನ್ನು ಮೀರದು. ಸಂಖ್ಯೆ ಚಿಕ್ಕದಾದಷ್ಟೂ ಗುಂಡು ಹೆಚ್ಚು ನಿಖರ. ಗುಂಡುಗಳನ್ನು ಹೆಚ್ಚಾಗಿ ಸುಮಾರು ಶೇ. 1 ಇಂಗಾಲ ಮತ್ತು ಶೇ. 1.5 ಕ್ರೋಮಿಯಂ ಇರುವ ಕ್ರೋಮ್ ಉಕ್ಕಿನಿಂದ ತಯಾರಿಸುತ್ತಾರೆ.

ಕಾರ್ಟ್ರಿಜ್ ಬೇರಿಂಗ್‌ನ ಸೀಲ್ ಅಥವಾ ಉಂಗುರದ ಮೇಲೆ ಅಚ್ಚೊತ್ತಿರುವ ಸಂಖ್ಯೆಯೇ ಅದರ ಅಳತೆಯನ್ನು ತಿಳಿಸುತ್ತದೆ. ಸಂಖ್ಯೆಯ ಕೊನೆಯ ಎರಡು ಅಂಕಿಗಳು ಒಳರಂಧ್ರವನ್ನು ಸೂಚಿಸುತ್ತವೆ: 00 ಎಂದರೆ 10 ಮಿ.ಮೀ., 01 ಎಂದರೆ 12 ಮಿ.ಮೀ., 02 ಎಂದರೆ 15 ಮಿ.ಮೀ., 03 ಎಂದರೆ 17 ಮಿ.ಮೀ. ಅದಕ್ಕಿಂತ ದೊಡ್ಡವುಗಳಲ್ಲಿ ಆ ಅಂಕಿಗಳನ್ನು 5ರಿಂದ ಗುಣಿಸಿದರೆ ಒಳರಂಧ್ರ ದೊರೆಯುತ್ತದೆ. ಹಬ್‌ಗಳಲ್ಲಿ ಬಳಕೆಯಲ್ಲಿರುವ ಕೆಲವು ಬೇರಿಂಗ್‌ಗಳ ಒಳವ್ಯಾಸ, ಹೊರವ್ಯಾಸ ಮತ್ತು ಅಗಲಗಳು ಮಿ.ಮೀ.ಗಳಲ್ಲಿ ಇಂತಿವೆ:

• 6000: 10, 26, 8
• 6001: 12, 28, 8
• 6200: 10, 30, 9
• 6802: 15, 24, 5
• 6803: 17, 26, 5
• 6902: 15, 28, 7

ಸಂಖ್ಯೆಯ ನಂತರದ ಅಕ್ಷರಗಳು ಮುಚ್ಚಳದ ಬಗೆಯನ್ನು ತಿಳಿಸುತ್ತವೆ. 2ಆರ್‌ಎಸ್ ಎಂದರೆ ಎರಡೂ ಬದಿಗಳಲ್ಲಿ ರಬ್ಬರ್ ಸೀಲ್. ಝಡ್‌ಝಡ್ ಎಂದರೆ ಎರಡೂ ಬದಿಗಳಲ್ಲಿ ಲೋಹದ ತಗಡು. ತಗಡು ದೊಡ್ಡ ಕಣಗಳನ್ನು ತಡೆಯುತ್ತದೆಯೇ ಹೊರತು ನೀರನ್ನು ತಡೆಯಲಾರದು. ಆದ್ದರಿಂದ ಹಬ್‌ಗೆ ರಬ್ಬರ್ ಸೀಲ್ ಇರುವ ಬೇರಿಂಗ್ ಸೂಕ್ತ.

ಆಯ್ಕೆ

ಬೇರಿಂಗ್ ಬದಲಾಯಿಸುವಾಗ ಮೊದಲ ಮಾನದಂಡ ಹಬ್‌ನ ರಚನೆ. ಕಪ್ ಮತ್ತು ಕೋನ್ ಹಬ್‌ಗೆ ಕಾರ್ಟ್ರಿಜ್ ಬೇರಿಂಗನ್ನು ನೇರವಾಗಿ ಕೂರಿಸಲಾಗದು. ಆದ್ದರಿಂದ ವಿಧದ ಆಯ್ಕೆಯ ಪ್ರಶ್ನೆ ಹೊಸ ಹಬ್ ಅಥವಾ ಹೊಸ ಚಕ್ರ ಕೊಳ್ಳುವಾಗ ಮಾತ್ರ ಬರುತ್ತದೆ. ಹಳೆಯ ಹಬ್‌ನ ವಿಷಯದಲ್ಲಿ ಅದೇ ಅಳತೆಯ, ಉತ್ತಮ ಗುಣಮಟ್ಟದ ಬದಲಿಯನ್ನು ಹುಡುಕುವುದೇ ಆಯ್ಕೆ.

ನಿತ್ಯದ ಓಡಾಟ, ಶಾಲೆ ಮತ್ತು ಸಾಮಾನು ಸಾಗಣೆಗೆ ಬಳಸುವ ಸೈಕಲ್ಲುಗಳಿಗೆ ಕಪ್ ಮತ್ತು ಕೋನ್ ಬೇರಿಂಗ್ ಒಗ್ಗುತ್ತದೆ. ಇದರ ಬಿಡಿಭಾಗಗಳು ಅಗ್ಗ. ಸಣ್ಣ ಊರಿನ ಸೈಕಲ್ ಅಂಗಡಿಯಲ್ಲೂ ದುರಸ್ತಿ ಸಾಧ್ಯ. ಆದರೆ ನಿಯತವಾಗಿ ಬಿಚ್ಚಿ ನೋಡುವವರಿಲ್ಲದಿದ್ದರೆ ಇದು ಬೇಗ ಹಾಳಾಗುತ್ತದೆ. ಮಳೆ ಮತ್ತು ಕೆಸರಿನಲ್ಲಿ ಹೆಚ್ಚು ಓಡುವ, ಆಗಾಗ ಬಿಚ್ಚಿ ಹೊಂದಿಸಲು ಅವಕಾಶವಿಲ್ಲದ ಸೈಕಲ್ಲಿಗೆ ಉತ್ತಮ ಸೀಲ್ ಇರುವ ಕಾರ್ಟ್ರಿಜ್ ಬೇರಿಂಗ್ ಅನುಕೂಲಕರ. ದೂರಪ್ರಯಾಣದ ಸೈಕಲ್ಲಿಗೆ ಹಬ್ ಆರಿಸುವಾಗ ಅದರ ಬೇರಿಂಗ್ ಸಂಖ್ಯೆ ಸುಲಭವಾಗಿ ದೊರೆಯುವಂಥದೇ ಎಂದು ಪರಿಶೀಲಿಸುವುದು ಒಳ್ಳೆಯದು. ಒಂದೇ ಒಳರಂಧ್ರದ ಬೇರಿಂಗ್‌ಗಳಲ್ಲಿ ಹೊರವ್ಯಾಸ ಹೆಚ್ಚಿರುವುದರಲ್ಲಿ ದೊಡ್ಡ ಗುಂಡುಗಳಿಗೆ ಸ್ಥಳವಿರುವುದರಿಂದ ಅದು ಹೆಚ್ಚು ಭಾರ ತಾಳುತ್ತದೆ. ತೆಳು ಉಂಗುರಗಳ 68 ಸರಣಿಯ ಬೇರಿಂಗ್‌ಗಳು ಹಗುರವಾಗಿದ್ದರೂ ಆಘಾತಗಳಿಗೆ ಬೇಗ ಸೋಲುತ್ತವೆ.

ಭಾರ ಮತ್ತು ಆಯುಷ್ಯ

ಗುಂಡು ಬೇರಿಂಗ್‌ನ ಲೆಕ್ಕಾಚಾರದ ಆಯುಷ್ಯವು ಭಾರದ ಘನಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಭಾರ ಎರಡುಪಟ್ಟಾದರೆ ಆಯುಷ್ಯ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಿಂಚಕ್ರದ ಮೇಲೆ ಸಾಮಾನು ಹೇರುವ ಸೈಕಲ್ಲುಗಳಲ್ಲಿ ಹಿಂದಿನ ಬೇರಿಂಗ್ ಬೇಗ ಸವೆಯಲು ಇದೂ ಒಂದು ಕಾರಣ.

ಆದರೂ ಶುದ್ಧವಾಗಿರುವ ಬೇರಿಂಗ್ ಭಾರದಿಂದಲೇ ಸಾಯುವುದು ಅಪರೂಪ. 6001 ಬೇರಿಂಗ್‌ನ ಚಲನ ಭಾರಸಾಮರ್ಥ್ಯ ಸುಮಾರು 5 ಕಿಲೋನ್ಯೂಟನ್. ಅದರ ಮೇಲೆ 300 ನ್ಯೂಟನ್, ಅಂದರೆ ಸುಮಾರು 30 ಕಿ.ಗ್ರಾಂ ಭಾರವಿದ್ದರೆ, ಲೆಕ್ಕದ ಪ್ರಕಾರ ಅದು 460 ಕೋಟಿಗೂ ಹೆಚ್ಚು ಸುತ್ತು ತಿರುಗಬಲ್ಲದು. ಸುತ್ತಳತೆ 2.1 ಮೀಟರ್ ಇರುವ ಚಕ್ರಕ್ಕೆ ಇದು 90 ಲಕ್ಷ ಕಿ.ಮೀ.ಗಿಂತಲೂ ಹೆಚ್ಚು ದೂರ. ವಾಸ್ತವದಲ್ಲಿ ಹಬ್ ಬೇರಿಂಗ್‌ಗಳು ಇದರ ಅತ್ಯಲ್ಪ ಭಾಗವನ್ನಷ್ಟೇ ಬಾಳುತ್ತವೆ. ಲೆಕ್ಕಕ್ಕೂ ಅನುಭವಕ್ಕೂ ನಡುವಿನ ಈ ಅಂತರಕ್ಕೆ ನೀರು, ಮಣ್ಣು, ಒಣಗಿದ ಗ್ರೀಸ್, ತಪ್ಪು ಹೊಂದಾಣಿಕೆ ಮತ್ತು ಗುಂಡಿಗಳಲ್ಲಿ ಬೀಳುವ ಆಘಾತಗಳೇ ಕಾರಣ. ನಿರ್ವಹಣೆಯ ಮಹತ್ತ್ವ ಇಲ್ಲಿ ಸ್ಪಷ್ಟವಾಗುತ್ತದೆ.

ಘರ್ಷಣೆ ಮತ್ತು ದುಬಾರಿ ಬೇರಿಂಗ್‌ಗಳು

ಸವಾರ ಮತ್ತು ಸೈಕಲ್ ಸೇರಿ 80 ಕಿ.ಗ್ರಾಂ ಇದ್ದು, ವೇಗ ಗಂಟೆಗೆ 20 ಕಿ.ಮೀ. ಇದ್ದರೆ, ಉತ್ತಮ ಸ್ಥಿತಿಯ ಹಬ್ ಬೇರಿಂಗ್‌ಗಳ ಉರುಳು ಘರ್ಷಣೆಯಲ್ಲಿ ವ್ಯಯವಾಗುವ ಶಕ್ತಿ ಲೆಕ್ಕದ ಪ್ರಕಾರ ಸುಮಾರು 0.1 ವಾಟ್. ಸೀಲ್ ಮತ್ತು ಗ್ರೀಸ್‌ಗಳ ಎಳೆತ ಇದಕ್ಕೆ ಸೇರುತ್ತದೆ. ಅದೇ ಸ್ಥಿತಿಯಲ್ಲಿ ಉರುಳು ಪ್ರತಿರೋಧ ಗುಣಾಂಕ 0.006 ಇರುವ ಟಯರುಗಳಿಗೆ ವ್ಯಯವಾಗುವ ಶಕ್ತಿ ಸುಮಾರು 26 ವಾಟ್. ಟಯರಿನ ಗಾಳಿಯನ್ನು ಸರಿಯಾದ ಮಟ್ಟದಲ್ಲಿ ಇಡುವುದರಿಂದ ಆಗುವ ಲಾಭವು ದುಬಾರಿ ಬೇರಿಂಗ್‌ನಿಂದ ಆಗುವ ಲಾಭಕ್ಕಿಂತ ಎಷ್ಟೋ ಪಾಲು ಹೆಚ್ಚು.

ಸಿಲಿಕಾನ್ ನೈಟ್ರೈಡ್ ಗುಂಡುಗಳಿರುವ ಸೆರಾಮಿಕ್ ಬೇರಿಂಗ್‌ಗಳು ಸ್ಪರ್ಧಾ ಸೈಕಲ್ಲುಗಳಲ್ಲಿ ಬಳಕೆಯಲ್ಲಿವೆ. ಈ ಗುಂಡುಗಳು ಉಕ್ಕಿಗಿಂತ ಗಡಸು, ಹಗುರ ಮತ್ತು ತುಕ್ಕುರಹಿತ. ಆದರೆ ಇವುಗಳಲ್ಲಿ ಬಹುಪಾಲಿನ ರೇಸ್‌ಗಳು ಉಕ್ಕಿನವೇ ಆಗಿರುವುದರಿಂದ ನೀರು ಸೇರಿದರೆ ರೇಸ್ ತುಕ್ಕು ಹಿಡಿಯುತ್ತದೆ. ಎಬಿಇಸಿ ಎಂಬ ದರ್ಜೆಯು ಬೇರಿಂಗ್‌ನ ಅಳತೆಗಳ ನಿಖರತೆಯನ್ನು ಮಾತ್ರ ಸೂಚಿಸುತ್ತದೆ. ಉಕ್ಕಿನ ಅಥವಾ ಸೀಲ್‌ನ ಗುಣಮಟ್ಟವನ್ನಲ್ಲ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಚಕ್ರವು ನಿಮಿಷಕ್ಕೆ ಸುಮಾರು 160 ಸುತ್ತು ಮಾತ್ರ ತಿರುಗುವುದರಿಂದ ಅತ್ಯುನ್ನತ ನಿಖರತೆಯ ದರ್ಜೆಗಳಿಂದ ಸಾಮಾನ್ಯ ಸವಾರನಿಗೆ ವಿಶೇಷ ಪ್ರಯೋಜನವಿಲ್ಲ.

ನಿರ್ವಹಣೆ

ಪರೀಕ್ಷೆ

ಚಕ್ರವನ್ನು ಬಿಚ್ಚದೆಯೇ ಮೂರು ಸರಳ ಪರೀಕ್ಷೆಗಳನ್ನು ಮಾಡಬಹುದು. ಮೊದಲನೆಯದಾಗಿ, ರಿಮ್ ಅನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಬೇಕು. ಕಟಕಟ ಎಂಬ ಸಡಿಲತೆ ಕೈಗೆ ತಗುಲಿದರೆ ಬೇರಿಂಗ್ ಸಡಿಲವಾಗಿದೆ. ಎರಡನೆಯದಾಗಿ, ಚಕ್ರವನ್ನು ನೆಲದಿಂದ ಎತ್ತಿ ನಿಧಾನವಾಗಿ ತಿರುಗಿಸಿ ಬಿಡಬೇಕು. ಬೇರಿಂಗ್ ಸರಿಯಾಗಿದ್ದರೆ ಚಕ್ರವು ಥಟ್ಟನೆ ನಿಲ್ಲದೆ, ಭಾರವಿರುವ ಬದಿ ಕೆಳಕ್ಕೆ ಬರುವವರೆಗೆ ಹಿಂದೆ ಮುಂದೆ ತೂಗಿ ನಿಲ್ಲುತ್ತದೆ. ಮೂರನೆಯದಾಗಿ, ತಿರುಗುವಾಗ ಚೌಕಟ್ಟಿನ ಮೇಲೆ ಕೈಯಿಟ್ಟರೆ ಗರಗರ ಎಂಬ ಕಂಪನ ತಿಳಿಯುತ್ತದೆ. ಅದು ಕೊಳೆ ಅಥವಾ ಸವೆತದ ಸೂಚನೆ. ಚಕ್ರವನ್ನು ಹೊರತೆಗೆದು ಅಚ್ಚನ್ನು ಬೆರಳುಗಳಿಂದ ತಿರುಗಿಸುವುದು ಇನ್ನೂ ಸೂಕ್ಷ್ಮವಾದ ಪರೀಕ್ಷೆ.

ಕಪ್ ಮತ್ತು ಕೋನ್ ಹಬ್‌ನ ಶುದ್ಧೀಕರಣ

ಈ ಕೆಲಸಕ್ಕೆ ತೆಳುವಾದ ಕೋನ್ ಸ್ಪ್ಯಾನರ್‌ಗಳು, ಸಾಮಾನ್ಯ ಸ್ಪ್ಯಾನರ್, ಸೀಮೆಎಣ್ಣೆ ಅಥವಾ ಡೀಸೆಲ್, ಬಟ್ಟೆ, ಗ್ರೀಸ್ ಮತ್ತು ಹೊಸ ಗುಂಡುಗಳು ಬೇಕು. ಕೆಲಸದ ಕ್ರಮ ಹೀಗಿದೆ:

1. ಚಕ್ರವನ್ನು ಹೊರತೆಗೆದು, ಗುಂಡುಗಳು ಚದುರದಂತೆ ಕೆಳಗೆ ಬಟ್ಟೆ ಹಾಸಬೇಕು. ಅಚ್ಚು ಎರಡೂ ಬದಿಗಳಲ್ಲಿ ಎಷ್ಟು ಹೊರಚಾಚಿದೆ ಎಂಬುದನ್ನು ಅಳೆದು ಬರೆದುಕೊಳ್ಳಬೇಕು.
2. ಎಡಬದಿಯ ಕೋನ್ ಅನ್ನು ಹಿಡಿದು ಲಾಕ್‌ನಟ್ ಬಿಚ್ಚಿ, ನಂತರ ಕೋನ್ ತೆಗೆಯಬೇಕು. ಬಲಬದಿಯ ಕೋನ್ ಮತ್ತು ಲಾಕ್‌ನಟ್ಟನ್ನು ಅಚ್ಚಿನ ಮೇಲೆಯೇ ಬಿಟ್ಟರೆ ಮರುಜೋಡಣೆಯಲ್ಲಿ ಅಳತೆ ತಪ್ಪುವುದಿಲ್ಲ.
3. ಅಚ್ಚನ್ನು ಬಲಕ್ಕೆ ಎಳೆದು, ಗುಂಡುಗಳನ್ನು ಬದಿಗೆ ತಕ್ಕಂತೆ ಬೇರೆಬೇರೆಯಾಗಿ ಎಣಿಸಿ ಇಡಬೇಕು.
4. ಎಲ್ಲ ಭಾಗಗಳನ್ನು ತೊಳೆದು ಪೂರ್ಣವಾಗಿ ಒಣಗಿಸಬೇಕು.
5. ಕಪ್ ಮತ್ತು ಕೋನ್‌ಗಳ ಹಾದಿಯ ಮೇಲೆ ಬಾಲ್‌ಪೆನ್ನಿನ ತುದಿಯನ್ನು ಮೆಲ್ಲನೆ ಎಳೆದು ನೋಡಬೇಕು. ಕಣ್ಣಿಗೆ ಕಾಣದ ಗುಳಿಯೂ ಪೆನ್ನಿನ ತುದಿಗೆ ಸಿಗುತ್ತದೆ. ಗುಳಿ ಬಿದ್ದ ಕೋನ್ ಅನ್ನು ಬದಲಾಯಿಸಬೇಕು.
6. ಕಪ್‌ಗೆ ಧಾರಾಳವಾಗಿ ಗ್ರೀಸ್ ಹಚ್ಚಿ ಗುಂಡುಗಳನ್ನು ಅದರಲ್ಲಿ ಅಂಟಿಸಿ ಕೂರಿಸಬೇಕು. ಗುಂಡುಗಳ ಸಾಲಿನಲ್ಲಿ ಸ್ವಲ್ಪ ತೆರಪು ಉಳಿಯಬೇಕು. ಆ ತೆರಪಿನಲ್ಲಿ ಮತ್ತೊಂದು ಗುಂಡನ್ನು ತುರುಕಬಾರದು.
7. ಅಚ್ಚನ್ನು ಮರಳಿ ತೂರಿಸಿ, ಎಡ ಕೋನ್ ಅನ್ನು ಬೆರಳಿನಿಂದ ಬಿಗಿ ಮಾಡಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ ಲಾಕ್‌ನಟ್ ಬಿಗಿಯಬೇಕು.

ಪ್ರತಿ ಬಾರಿ ಬಿಚ್ಚಿದಾಗಲೂ ಗುಂಡುಗಳನ್ನು ಪೂರ್ತಿ ಬದಲಾಯಿಸುವುದು ಉತ್ತಮ. ಸವೆದ ಗುಂಡುಗಳ ನಡುವೆ ಒಂದೆರಡು ಹೊಸ ಗುಂಡುಗಳನ್ನು ಸೇರಿಸಿದರೆ ಗಾತ್ರದಲ್ಲಿ ತುಸು ದೊಡ್ಡದಾದ ಹೊಸ ಗುಂಡುಗಳ ಮೇಲೆಯೇ ಭಾರವೆಲ್ಲ ಬಿದ್ದು ಅವು ರೇಸನ್ನು ಕೆಡಿಸುತ್ತವೆ.

ಹೊಂದಾಣಿಕೆ

ಬಿಗಿತ ಹೆಚ್ಚಾದರೆ ಗುಂಡುಗಳು ಸದಾ ಒತ್ತಡಕ್ಕೆ ಸಿಲುಕಿ ಕೋನ್‌ನಲ್ಲಿ ಗುಳಿ ಬೀಳುತ್ತದೆ. ಸಡಿಲವಾದರೆ ಭಾರವು ಒಂದೆರಡು ಗುಂಡುಗಳ ಮೇಲೆ ಮಾತ್ರ ಬೀಳುತ್ತದೆ. ಚಕ್ರ ಅಲ್ಲಾಡಿ ಬ್ರೇಕ್ ರಬ್ಬರಿಗೆ ತಗುಲುತ್ತದೆ. ಅಲ್ಲಾಟವಿಲ್ಲದ, ಆದರೆ ತಡೆಯೂ ಇಲ್ಲದ ಸ್ಥಿತಿಯೇ ಸರಿಯಾದುದು. ಲಾಕ್‌ನಟ್ ಬಿಗಿಯುವಾಗ ಹೊಂದಾಣಿಕೆ ಸ್ವಲ್ಪ ಬದಲಾಗುವುದರಿಂದ ಎರಡು ಮೂರು ಬಾರಿ ಪ್ರಯತ್ನಿಸುವುದು ಸಾಮಾನ್ಯ.

ಇಟಲಿಯ ತುಲ್ಲಿಯೊ ಕಂಪನ್ಯೋಲೊ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕ್ವಿಕ್ ರಿಲೀಸ್ ಸನ್ನೆಯುಳ್ಳ ಚಕ್ರಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸನ್ನೆಯನ್ನು ಬಿಗಿದಾಗ ಟೊಳ್ಳು ಅಚ್ಚು ಕಿಂಚಿತ್ತು ಕುಗ್ಗಿ ಕೋನ್‌ಗಳು ಒಳಕ್ಕೆ ಸರಿಯುತ್ತವೆ. ಆದ್ದರಿಂದ ಚಕ್ರ ಹೊರಗಿರುವಾಗ ಅತಿ ಸ್ವಲ್ಪ ಅಲ್ಲಾಟವಿರುವಂತೆ ಹೊಂದಿಸಬೇಕು. ಸನ್ನೆ ಬಿಗಿದ ಮೇಲೆ ಆ ಅಲ್ಲಾಟ ಮಾಯವಾಗಬೇಕು.

ಲಾಕ್‌ನಟ್ ಭದ್ರವಾಗಿರುವುದು ಸುರಕ್ಷತೆಯ ವಿಷಯ. ಮುಂದಕ್ಕೆ ಚಲಿಸುವ ಚಕ್ರವು ಬಲಬದಿಯಿಂದ ನೋಡಿದಾಗ ಪ್ರದಕ್ಷಿಣವಾಗಿ ತಿರುಗುತ್ತದೆ. ಬಲ ಕೋನ್ ಸಡಿಲವಾಗಿದ್ದರೆ ಚಕ್ರವು ಅದನ್ನು ತನ್ನೊಂದಿಗೆ ಎಳೆದು ಬಿಗಿಯುತ್ತಾ ಹೋಗಬಹುದು. ಬೇರಿಂಗ್ ಬಿಗಿದಷ್ಟೂ ಎಳೆತ ಹೆಚ್ಚಿ ಕೊನೆಗೆ ಚಕ್ರವೇ ಸಿಕ್ಕಿಕೊಳ್ಳಬಹುದು. ಎಡಬದಿಯಲ್ಲಿ ಇದೇ ಎಳೆತ ಕೋನ್ ಅನ್ನು ಸಡಿಲಿಸುವ ದಿಕ್ಕಿನಲ್ಲಿರುತ್ತದೆ. ಒಂದು ಕೋನ್ ಮಾತ್ರ ಹೊಂದಿಸಬಲ್ಲ ಹಳೆಯ ಬ್ರಿಟಿಷ್ ಮಾದರಿಯ ಮುಂಚಕ್ರಗಳಲ್ಲಿ ಹೊಂದಿಸುವ ಕೋನ್ ಎಡಬದಿಗೇ ಬರಬೇಕೆಂಬ ನಿಯಮ ಇದರಿಂದಲೇ ಬಂದಿದೆ.

ಕಾರ್ಟ್ರಿಜ್ ಬೇರಿಂಗ್ ಬದಲಾವಣೆ

ಕಾರ್ಟ್ರಿಜ್ ಬೇರಿಂಗನ್ನು ಹಬ್‌ನೊಳಗೆ ಕೂರಿಸುವಾಗ ಹೊರ ಉಂಗುರದ ಮೇಲೆ ಮಾತ್ರ, ಅಚ್ಚಿನ ಮೇಲೆ ಕೂರಿಸುವಾಗ ಒಳ ಉಂಗುರದ ಮೇಲೆ ಮಾತ್ರ ಒತ್ತಡ ಹಾಕಬೇಕು. ತಪ್ಪು ಉಂಗುರವನ್ನು ಒತ್ತಿದರೆ ಬಲವು ಗುಂಡುಗಳ ಮೂಲಕ ಸಾಗಿ ರೇಸಿನಲ್ಲಿ ಕುಳಿ ಮೂಡಿಸುತ್ತದೆ. ಹೊಸ ಬೇರಿಂಗ್ ಮೊದಲ ದಿನದಿಂದಲೇ ಗರಗರ ಎನ್ನುತ್ತದೆ. ಸುತ್ತಿಗೆಯ ಬದಲು ಉದ್ದನೆಯ ಬೋಲ್ಟ್, ನಟ್ ಮತ್ತು ಸರಿಯಾದ ವ್ಯಾಸದ ವಾಷರ್‌ಗಳಿಂದ ನಿಧಾನವಾಗಿ, ನೇರವಾಗಿ ಒತ್ತುವುದು ಸುರಕ್ಷಿತ. ಹೊರತೆಗೆಯುವಾಗ ಒಳ ಉಂಗುರದ ಮೇಲೆ ಬಲ ಬೀಳುವುದು ಅನಿವಾರ್ಯವಾದ್ದರಿಂದ ಹಾಗೆ ತೆಗೆದ ಬೇರಿಂಗನ್ನು ಮರುಬಳಸಬಾರದು. ಬೇರಿಂಗ್ ಇನ್ನೂ ಸರಿಯಾಗಿದ್ದು ಗ್ರೀಸ್ ಮಾತ್ರ ಒಣಗಿದ್ದರೆ, ಸೂಜಿಯಿಂದ ರಬ್ಬರ್ ಸೀಲನ್ನು ಅಂಚಿನಿಂದ ಮೆಲ್ಲಗೆ ಎತ್ತಿ, ತೊಳೆದು, ಹೊಸ ಗ್ರೀಸ್ ತುಂಬಿ ಸೀಲನ್ನು ಮರಳಿ ಒತ್ತಬಹುದು.

ಗ್ರೀಸ್

ಗ್ರೀಸ್ ಘರ್ಷಣೆಯನ್ನು ತಗ್ಗಿಸುವುದಲ್ಲದೆ ನೀರು, ಧೂಳು ಒಳಹೋಗದಂತೆ ತಡೆಯುವ ಗೋಡೆಯಾಗಿಯೂ ಕೆಲಸ ಮಾಡುತ್ತದೆ. ವೇಗವಾಗಿ ತಿರುಗುವ ಯಂತ್ರಗಳಲ್ಲಿ ಗ್ರೀಸ್ ಹೆಚ್ಚಾದರೆ ಬೇರಿಂಗ್ ಬಿಸಿಯಾಗುತ್ತದೆ. ಸೈಕಲ್ ಚಕ್ರದ ನಿಧಾನಗತಿಯಲ್ಲಿ ಆ ಭಯವಿಲ್ಲದ ಕಾರಣ ಕಪ್ ಮತ್ತು ಕೋನ್ ಹಬ್‌ನಲ್ಲಿ ಗ್ರೀಸನ್ನು ಧಾರಾಳವಾಗಿ ತುಂಬಬಹುದು. ಸಾಮಾನ್ಯ ಬಳಕೆಗೆ ಲಿಥಿಯಂ ಗ್ರೀಸ್ ಸಾಕಾಗುತ್ತದೆ. ನೀರಿನಲ್ಲಿ ಹೆಚ್ಚು ಓಡುವ ಸೈಕಲ್ಲಿಗೆ ನೀರಿಗೆ ಜಗ್ಗದ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ಉತ್ತಮ.

ಅಡುಗೆ ಎಣ್ಣೆಗಳು ಬೇರಿಂಗ್‌ಗೆ ತಕ್ಕವಲ್ಲ. ಅವುಗಳಲ್ಲಿ ಹಲವು ಗಾಳಿಯೊಡನೆ ಸೇರಿ ಅಂಟಾಗುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ತೆಳುವಾದ ಸ್ಪ್ರೇ ಎಣ್ಣೆಗಳು ಒಳಗಿರುವ ಗ್ರೀಸನ್ನು ಕರಗಿಸಿ ಹೊರಹಾಕುತ್ತವೆ. ಹಬ್‌ನ ಕವಚದಲ್ಲಿ ಎಣ್ಣೆರಂಧ್ರವಿರುವ ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಯಂತ್ರದ ಎಣ್ಣೆಯನ್ನು ಆಗಾಗ ಕೆಲವು ಹನಿ ಬಿಡುವ ಪದ್ಧತಿ ಇದೆ. ಒತ್ತಡದ ನೀರಿನ ಪೈಪಿನಿಂದ ಸೈಕಲ್ ತೊಳೆಯುವಾಗ ಹಬ್‌ನ ಬದಿಗೆ ನೇರವಾಗಿ ನೀರು ಹಾಯಿಸಬಾರದು. ರಬ್ಬರ್ ಸೀಲ್‌ಗಳೂ ಆ ಒತ್ತಡವನ್ನು ತಡೆಯಲಾರವು.

ಸಾಮಾನ್ಯ ದೋಷಗಳು

• ಗುಳಿ ಬೀಳುವಿಕೆ: ರೇಸಿನ ಮೇಲ್ಮೈಯಿಂದ ಉಕ್ಕಿನ ಸಣ್ಣ ಚಕ್ಕೆಗಳು ಏಳುತ್ತವೆ. ದೀರ್ಘಬಳಕೆ, ಅತಿ ಬಿಗಿತ ಅಥವಾ ಕೊಳೆ ಕಾರಣ. ಎದ್ದ ಚಕ್ಕೆಗಳೇ ಮತ್ತಷ್ಟು ಹಾನಿ ಮಾಡುತ್ತವೆ.
• ಕುಳಿ ಅಚ್ಚು: ಆಘಾತದಿಂದ ಗುಂಡುಗಳು ರೇಸನ್ನು ಒತ್ತಿ ಸಮದೂರದ ಕುಳಿಗಳನ್ನು ಮೂಡಿಸುತ್ತವೆ. ತಿರುಗಿಸಿದಾಗ ಅಚ್ಚು ಮೆಟ್ಟಿಲು ಮೆಟ್ಟಿಲಾಗಿ ನಿಂತಂತೆ ಭಾಸವಾಗುತ್ತದೆ.
• ತುಕ್ಕು: ಗ್ರೀಸ್ ಕೆಂಪು ಅಥವಾ ಕಂದುಬಣ್ಣಕ್ಕೆ ತಿರುಗಿರುವುದು ನೀರು ಸೇರಿದ್ದರ ಗುರುತು.
• ಬಾಗಿದ ಅಚ್ಚು: ಅಚ್ಚನ್ನು ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದಾಗ ಅದು ಕುಣಿದರೆ ಬಾಗಿದೆ ಎಂದರ್ಥ. ಬಾಗಿದ ಅಚ್ಚಿನಲ್ಲಿ ಎರಡು ಕೋನ್‌ಗಳು ಒಂದೇ ರೇಖೆಯಲ್ಲಿ ನಿಲ್ಲದ ಕಾರಣ ಯಾವ ಹೊಂದಾಣಿಕೆಯೂ ನಿಲ್ಲದು.
• ಸಿಕ್ಕಿಕೊಳ್ಳುವಿಕೆ: ಬೇರಿಂಗ್ ಹಿಡಿದುಕೊಂಡರೆ ಚಕ್ರವು ಅಚ್ಚನ್ನೇ ತಿರುಗಿಸಲೆತ್ನಿಸಿ ಚಕ್ರದ ನಟ್‌ಗಳು ಸಡಿಲವಾಗಬಹುದು. ಇಂಥ ಸೈಕಲ್ಲನ್ನು ದುರಸ್ತಿಯಾಗುವವರೆಗೆ ಓಡಿಸಬಾರದು.

ಭಾರತದಲ್ಲಿ

ಭಾರತದಲ್ಲಿ ಸ್ವಾತಂತ್ರ್ಯಾನಂತರ ಮದರಾಸಿನ ಟಿ.ಐ. ಸೈಕಲ್ಸ್, ಸೋನಿಪತ್‌ನ ಅಟ್ಲಾಸ್, ಲುಧಿಯಾನದ ಹೀರೊ ಮೊದಲಾದ ಸಂಸ್ಥೆಗಳು ಬ್ರಿಟಿಷ್ ರೋಡ್‌ಸ್ಟರ್ ಮಾದರಿಯ ಸೈಕಲ್ಲುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. ಈ ಸೈಕಲ್ಲುಗಳ ಹಬ್‌ಗಳು ಕಪ್ ಮತ್ತು ಕೋನ್ ಮಾದರಿಯವು. ವರ್ಷಕ್ಕೊಮ್ಮೆ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಗುಂಡುಗಳನ್ನು ತೊಳೆದು ಗ್ರೀಸ್ ತುಂಬುವ ಕೆಲಸಕ್ಕೆ ಸೈಕಲ್ ಅಂಗಡಿಗಳಲ್ಲಿ ಓವರ್‌ಹಾಲಿಂಗ್ ಎಂಬ ಹೆಸರು ರೂಢಿಯಲ್ಲಿದೆ.

ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಇದರಿಂದ ಹಳ್ಳಿಗಳ ಅನೇಕ ಮನೆಗಳಿಗೆ ಸೈಕಲ್ ಮೊದಲ ಬಾರಿಗೆ ವಿದ್ಯಾರ್ಥಿಯ ಸ್ವಂತ ವಾಹನವಾಗಿ ಬಂದಿತು. ದಿನಕ್ಕೆ 10 ಕಿ.ಮೀ. ಓಡುವ ಸೈಕಲ್ಲಿನ ಪ್ರತಿ ಚಕ್ರ ಆ ದೂರದಲ್ಲಿ 4,500ಕ್ಕೂ ಹೆಚ್ಚು ಬಾರಿ ತಿರುಗುತ್ತದೆ. ಶಾಲೆ ದೂರವಿರುವಲ್ಲಿ ಬೇರಿಂಗ್ ಕೆಟ್ಟ ಸೈಕಲ್ ಎಂದರೆ ತಪ್ಪಿದ ತರಗತಿಗಳೆಂದೇ ಅರ್ಥ. ಆದರೆ ಸಕಾಲದಲ್ಲಿ ಗಮನಿಸಿದರೆ ಹಿಡಿ ಗುಂಡು ಮತ್ತು ಸ್ವಲ್ಪ ಗ್ರೀಸ್‌ನಿಂದ ಚಕ್ರ ಸರಿಹೋಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ನೀರು, ಬಯಲುಸೀಮೆಯಲ್ಲಿ ಬೇಸಗೆಯ ಧೂಳು ಬೇರಿಂಗ್‌ಗಳ ಮುಖ್ಯ ಶತ್ರುಗಳು. ಮಳೆಗಾಲ ಮುಗಿದ ಕೂಡಲೇ ಒಮ್ಮೆ ಹಬ್‌ಗಳನ್ನು ಬಿಚ್ಚಿ ಶುದ್ಧಗೊಳಿಸುವುದು, ಹಾಗೂ ನೀರಿನಲ್ಲಿ ಮುಳುಗಿದ ಚಕ್ರವನ್ನು ತಡಮಾಡದೆ ತೆರೆದು ಒಣಗಿಸುವುದು ಈ ಪ್ರದೇಶಗಳಿಗೆ ಸೂಕ್ತವಾದ ಕ್ರಮ.